ಎರಡು ಹೊಳೆ ದಾಟಿದ ಬೆಕ್ಕುಗಳು

ಪಾಣೆಮಂಗಳೂರಿನ ಹಳೇ ಸೇತುವೆ ಇಳಿದು ಪೇಟೆಯ ಕಡೆ ತಿರುಗಿದರೆ ಮೊದಲು ಸಿಗುವುದು ಧೂಳು, ಆಮೇಲೆ ಸೀನು, ಆಮೇಲೆ ಮೈಮೂನಮ್ಮನ ಗೋಣಿ ಅಂಗಡಿ. ಹಳೇ ಗೋಣಿಚೀಲ ಕೊಂಡು, ಕೊಡವಿ, ಹರಿದಲ್ಲಿ ಹೊಲಿದು ಮಾರುವುದು ಅಲ್ಲಿಯ ವ್ಯಾಪಾರ. ಗಂಡ ಹಸೈನಾರ್ ಶುರು ಮಾಡಿದ್ದು. ಅವರು ತೀರಿಕೊಂಡಾಗ ಮಗಳು ಶಾಹಿದಾ, "ಇನ್ನು ಬಂದ್ ಮಾಡುವ ಉಮ್ಮಾ, ಮನೆಯಲ್ಲಿ ಆರಾಮ ಕೂತುಕೊಳ್ಳಿ" ಎಂದಳು. ಮೈಮೂನಮ್ಮ ಕೆಲವು ದಿನ ಆರಾಮ ಕೂತು ನೋಡಿದಳು. ಆಮೇಲೊಂದು ಬೆಳಿಗ್ಗೆ ಸೀದಾ ಹೋಗಿ ಅಂಗಡಿಯ ಬಾಗಿಲು ತೆರೆದಳು. "ಮನೆಯಲ್ಲಿ ಮಾತಾಡ್ಲಿಕ್ಕೆ ಯಾರುಂಟು, ಫ್ರಿಜ್ಜಾ?" ಎಂಬುದು ಆಕೆಯ ವಾದ. ಆ ಅಂಗಡಿಯ ಜಗಲಿ ತಪ್ಪಿದರೆ ಉಮ್ಮ ಉಳಿಯುವುದಿಲ್ಲ ಎಂದು ಮಗಳೂ ಈಗ ಒಪ್ಪಿದ್ದಾಳೆ.

ಗೋಣಿ ಮಾರುವವಳಿಗೂ ಪ್ರಾಣಿದಯೆಗೂ ಎಂಥ ಸಂಬಂಧ ಅಂತ ನೀವು ಕೇಳಬಹುದು. ಉಂಟು ಸ್ವಾಮೀ, ಸ್ವಲ್ಪ ತಡೆಯಿರಿ. ಅಡಿಕೆಯವರು ಗೋಣಿ ಒಯ್ಯುವುದು ಕಟ್ಟುಗಟ್ಟಲೆ. ತೆಂಗಿನಕಾಯಿಯವರೂ ಹಾಗೆಯೇ. ಒಂದೇ ಒಂದು ಗೋಣಿ ಕೇಳಿಕೊಂಡು ಬರುವವರದ್ದು ಬೇರೆಯೇ ತಳಿ. ಆಚೀಚೆ ನೋಡಿ, ದನಿ ತಗ್ಗಿಸಿ, "ಸಣ್ಣದು ಸಾಕು, ತೂತಿದ್ರೂ ಅಡ್ಡಿಯಿಲ್ಲ" ಎನ್ನುತ್ತಾರೆ. ತೂತಿದ್ದರೂ ಅಡ್ಡಿಯಿಲ್ಲವಂತೆ! ಅಕ್ಕಿ ತುಂಬಿಸುವವನು ಹಾಗೆ ಹೇಳುತ್ತಾನೆಯೇ? ಅದು ಬೆಕ್ಕಿಗೆ.

ಬೆಕ್ಕನ್ನು ಎಲ್ಲಿ ಬಿಟ್ಟರೂ ಮನೆಗೆ ವಾಪಸು ಬರುತ್ತದೆ, ಹೊಳೆ ದಾಟಿಸಿದರೆ ಮಾತ್ರ ಬರುವುದಿಲ್ಲ ಎಂಬುದು ಈ ಕಡೆಯವರ ಗಟ್ಟಿ ನಂಬಿಕೆ. ದಾರಿ ಕಾಣಬಾರದೆಂದು ಗೋಣಿ. ಹಾಗಾಗಿ ನೇತ್ರಾವತಿಯ ಬಂಟ್ವಾಳದ ದಡದವರು ತಮ್ಮ ಬೆಕ್ಕುಗಳನ್ನು ತಂದು ಪಾಣೆಮಂಗಳೂರಿನಲ್ಲಿ ಬಿಡುತ್ತಾರೆ, ಪಾಣೆಮಂಗಳೂರಿನವರು ತಮ್ಮದನ್ನು ಒಯ್ದು ಆಚೆ ಬಿಡುತ್ತಾರೆ. ಸೇತುವೆಯ ನಡುವೆ ಎರಡು ಗೋಣಿಗಳು ಎದುರುಬದುರಾದರೆ, ಹೊತ್ತವರು ಸೆಕೆಯ ಬಗ್ಗೆ ನಾಲ್ಕು ಮಾತಾಡಿ ಮುಂದೆ ಹೋಗುತ್ತಾರೆ. ಎರಡೂ ದಡದಲ್ಲಿ ಬೆಕ್ಕು ಕಡಿಮೆಯಾದದ್ದು ಮಾತ್ರ ಇಲ್ಲ. ಮೀನಿನ ಅಂಗಡಿಯ ಹತ್ತಿರ ಬಿಟ್ಟವರಂತೂ "ತಿನ್ಲಿಕ್ಕೆ ಸಿಗ್ತದೆ" ಎಂದು ಪುಣ್ಯ ಕಟ್ಟಿಕೊಂಡವರ ಹಾಗೆ ಕೈ ಕೊಡವಿ ನಡೆಯುತ್ತಾರೆ. ಮರಿಗಳು ರಿಕ್ಷಾದ ಚಕ್ರಕ್ಕೆ ಸಿಕ್ಕುತ್ತವೆ. ಮೈಮೂನಮ್ಮ ಬೆಳಿಗ್ಗೆ ಬರುವಾಗ ರಸ್ತೆ ನೋಡುವುದನ್ನೇ ಬಿಟ್ಟಿದ್ದಳು, ಅಷ್ಟು ಸಂಕಟ. ಬದುಕಿದವು ಅವಳ ಜಗಲಿ ಹತ್ತಿ ಗೋಣಿಯ ಮೇಲೆ ಮಲಗುತ್ತಿದ್ದವು.

ಅಂಗಡಿಯ ಕಟ್ಟಡ ಮುಂಡಪ್ಪನದು. ಅವನ ಮನೆ ಆಚೆ ದಡದಲ್ಲಿ. ಕೆಟ್ಟವನಲ್ಲ, ದನಿ ದೊಡ್ಡದು. ಊರಿನ ವಾಲಿಬಾಲ್ ಪಂದ್ಯಾಟಗಳಿಗೆಲ್ಲ ಅವನದೇ ವೀಕ್ಷಕ ವಿವರಣೆ. ಒಂದು ದಿನ ಬಂದವನು ಜಗಲಿಯ ಕೆಳಗೇ ನಿಂತು ಹೇಳಿದ: "ಮೈಮೂನಮ್ಮಾ, ಪಕ್ಕದ ಮೊಬೈಲ್ ಅಂಗಡಿಯವ ದಿನಾ ಫೋನ್ ಮಾಡಿ ತಲೆ ತಿಂತಾನೆ. ಬೆಕ್ಕಿನ ರೋಮ, ಬೆಕ್ಕಿನ ವಾಸನೆ. ಮಳೆಗಾಲ ಮುಗಿಯುವಾಗ ಒಂದೋ ಬೆಕ್ಕುಗಳು ಹೋಗ್ಬೇಕು, ಇಲ್ಲದಿದ್ರೆ ನೀವು ಅಂಗಡಿ ಖಾಲಿ ಮಾಡ್ಬೇಕು."

ಮೈಮೂನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಈ ಮುಂಡಪ್ಪ "ಕಾಯಿ ತುಂಬಿಸ್ಲಿಕ್ಕೆ" ಎಂದು ಒಂದೇ ಒಂದು ಗೋಣಿ ಒಯ್ದ ಮರುದಿನವೆಲ್ಲ ಕಟ್ಟಡದ ಹಿಂದೆ ಹೊಸ ಮರಿಗಳು ಕೂಗುತ್ತಿದ್ದವು. ಹೊಳೆಯಂತೂ ದಾಟಿಸಲೇಬೇಕು. ಹೊಳೆಯ ಈಚೆ ತನ್ನದೇ ಜಾಗ ಇರುವಾಗ ಕಂಡವರ ಜಾಗದಲ್ಲಿ ಬಿಡುವುದು ಮರ್ಯಾದೆಯಲ್ಲ ಎಂದು ಅವನ ಲೆಕ್ಕಾಚಾರ! ತಾನೇ ತಂದು ಸುರಿದ ಬೆಕ್ಕುಗಳ ನೆಪದಲ್ಲಿ ಬಾಡಿಗೆಯವಳನ್ನು ಹೊರಗೆ ಹಾಕುತ್ತಾನಂತೆ. ಆದರೆ ಕಣ್ಣಾರೆ ಕಂಡದ್ದಲ್ಲ, ಹೇಳುವ ಹಾಗಿಲ್ಲ. ಮೈಮೂನಮ್ಮ ಮಾತು ನುಂಗಿಕೊಂಡಳು. ಆಕೆ ಮಾತು ನುಂಗಿಕೊಳ್ಳುವುದೆಂದರೆ ಬೇರೆಯವರು ಕಲ್ಲು ನುಂಗಿದ ಹಾಗೆ.

ಅಷ್ಟರಲ್ಲಿ ಮೂಡುಬಿದಿರೆಯಿಂದ ಅಕ್ಷಿತಾ ಎಂಬ ಕಾಲೇಜು ಹುಡುಗಿ ಬಂದಳು. ಪ್ರಾಣಿಗಳ ಪರವಾಗಿ ಪ್ರಚಾರ ಮಾಡುವ ಒಂದು ಗುಂಪು ಅವಳದು. ಅವರಿಗೆ ಅಲ್ಲೇ ಹತ್ತಿರದ ಪುತ್ತಿಗೆಯಲ್ಲಿ ಒಂದು ಶೆಡ್ಡು ಉಂಟು, ಅಲ್ಲಿ ಡಾಕ್ಟರೊಬ್ಬರು ಬೆಕ್ಕುಗಳಿಗೆ ಮರಿಯಾಗದ ಹಾಗೆ ಪುಕ್ಕಟೆ ಆಪರೇಷನ್ ಮಾಡುತ್ತಾರೆ. ಅವಳು ಪೇಟೆಯ ಶಾಫಿ ಎಂಬವನ ರಿಕ್ಷಾಕ್ಕೆ ಮೈಕ್ ಕಟ್ಟಿಸಿ, "ಸಾರ್ವಜನಿಕ ಬಂಧುಗಳೇ, ತಮ್ಮ ಮುದ್ದಿನ ಮಾರ್ಜಾಲಗಳನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಪಡಿಸಿ ಸಹಕರಿಸಬೇಕಾಗಿ ವಿನಂತಿ" ಎಂದು ಎರಡೂ ದಡ ಸುತ್ತಿದಳು. ಬೆಕ್ಕುಗಳನ್ನು ಒಯ್ಯಲು ಗೊತ್ತು ಮಾಡಿದ ದಿನ ಒಂದು ಬೆಕ್ಕೂ ಬರಲಿಲ್ಲ. "ನಮಗೇ ಆಸ್ಪತ್ರೆಗೆ ಹೋಗ್ಲಿಕ್ಕೆ ಪುರ್ಸೊತ್ತಿಲ್ಲ, ಬೆಕ್ಕಿಗೆಂಥ ಆಪರೇಷನ್ ಮಾರಾಯ್ತಿ!" ಎಂದು ಜನ ನಕ್ಕರು. ಹುಡುಗಿ ಮೈಮೂನಮ್ಮನ ಗೋಣಿ ರಾಶಿಯ ಮೇಲೆ ಕೂತು ಅತ್ತೇಬಿಟ್ಟಳು.

"ಅಳುದು ನಿಲ್ಲಿಸು" ಎಂದಳು ಮೈಮೂನಮ್ಮ. "ಈ ಊರಿನವರು ಬೆಕ್ಕನ್ನು ಆಸ್ಪತ್ರೆಗೆ ತರುದಿಲ್ಲ ಮಗಾ. ಹೊಳೆ ದಾಟಿಸ್ಲಿಕ್ಕೆ ಮಾತ್ರ ತರ್ತಾರೆ. ನಾವು ದಾಟಿಸುವ."

"ಆದ್ರೆ ಆಪರೇಷನ್ ಆದ ಮೇಲೆ ಹಿಡಿದಲ್ಲೇ ವಾಪಸ್ ಬಿಡ್ಬೇಕಂತ ನಿಯಮ ಉಂಟಜ್ಜಿ" ಎಂದಳು ಅಕ್ಷಿತಾ ಮೂಗು ಒರೆಸಿಕೊಳ್ಳುತ್ತ.

"ಅದೇ ನನಗೆ ಬೇಕಾದದ್ದು" ಎಂದು ಮೈಮೂನಮ್ಮ ಎಲೆಯಡಿಕೆಯ ಬಾಯಿ ತುಂಬ ನಕ್ಕಳು.

ಮರುದಿನದಿಂದ ಒಂದು ಗೋಣಿ ಕೇಳಿ ಬಂದವರಿಗೆಲ್ಲ ಹೊಸ ಉಪಚಾರ. "ಸೇತುವೆ ದಾಟುವ ಕಷ್ಟ ಯಾಕೆ? ಇಲ್ಲಿ ತಂದಿಡಿ. ಪುತ್ತಿಗೆಗೆ ಹೋಗುವ ಗಾಡಿ ಉಂಟು. ನೇತ್ರಾವತಿ ಒಂದು, ಫಲ್ಗುಣಿ ಒಂದು, ಎರಡು ಹೊಳೆ ದಾಟ್ತದೆ." ಎರಡು ಹೊಳೆ! ಕೇಳಿದವರ ಮುಖ ಅರಳುತ್ತಿತ್ತು. "ಯಾರಿಗೂ ಹೇಳ್ಬೇಡಿ ಆಯ್ತಾ" ಎಂದು ಬಂದವರು ಹೇಳಿದರೆ, "ನನ್ನ ಬಾಯಿಂದ ಸತ್ರೂ ಬರ್ಲಿಕ್ಕಿಲ್ಲ" ಎಂದು ಎದೆಯ ಮೇಲೆ ಕೈ ಇಡುತ್ತಿದ್ದಳು. ಆಮೇಲೆ ಗಂಭೀರವಾಗಿ, "ಯಾವ ಓಣಿ, ಯಾವ ಮನೆ ಅಂತ ಮಾತ್ರ ಹೇಳಿ. ಅದರ ಮುಖ ಆ ದಿಕ್ಕಿಗೆ ಇಡ್ಬಾರ್ದು, ವಾಸನೆ ಹಿಡಿದುಬಿಡ್ತದೆ." ಈ ಶಾಸ್ತ್ರ ಆಕೆ ನಿಂತ ನಿಲುವಿನಲ್ಲಿ ಕಟ್ಟಿದ್ದು. ಬುದ್ಧಿವಂತರೆನಿಸಿಕೊಂಡವರು ಕೂಡ ತಲೆಯಾಡಿಸಿ ಮನೆಯ ಗುರುತು ಹೇಳಿ ಹೋದರು.

ಕಳಿಸುತ್ತೇನೆ ಎಂದದ್ದು ಹೌದು. ವಾಪಸು ಬರುವುದಿಲ್ಲ ಎಂದು ಆಕೆ ಯಾವತ್ತಾದರೂ ಹೇಳಿದ್ದುಂಟೇ? ಶಾಫಿಯ ರಿಕ್ಷಾದಲ್ಲಿ ಬೆಕ್ಕುಗಳು ಪುತ್ತಿಗೆಗೆ ಹೋದವು, ಆಪರೇಷನ್ ಮುಗಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿಕೊಂಡು, ಗಾಯ ಮಾಗಿದ ಮೇಲೆ ಅವರವರ ಓಣಿಯಲ್ಲೇ ಇಳಿದವು. ಬೆಳಿಗ್ಗೆ ಬಾಗಿಲು ತೆರೆದವರ ಕಾಲಿಗೆ ಮೈ ಉಜ್ಜಿ ಮಿಯಾಂವ್ ಎಂದವು. ಎರಡು ಹೊಳೆ ದಾಟಿ ಬಂದ ಬೆಕ್ಕು! ಜನ ಕಂಗಾಲಾದರು. ಜಗಲಿಗೆ ಹೋಗಿ ಜಗಳ ತೆಗೆದರೆ ನಾಲ್ಕು ಜನರಿಗೆ ಕೇಳುತ್ತದೆ, ಬಿಟ್ಟದ್ದು ನಾನೇ ಅಂತ ಒಪ್ಪಬೇಕಾಗುತ್ತದೆ. ಒಬ್ಬನಂತೂ ಹೆದರಿ ಆ ಬೆಕ್ಕಿಗೆ ದಿನಾ ಬಂಗುಡೆ ಮೀನು ಹಾಕತೊಡಗಿದ.

ಅದರ ನಡುವೆಯೇ ಒಂದು ದಿನ ಮುಂಡಪ್ಪ ಬಂದ. ಕೈಯಲ್ಲಿ ಗೋಣಿ, ಗೋಣಿಯೊಳಗೆ ಜೀವ. "ಇದು ನಮ್ಮ ಗುರ್ತದವರದ್ದು" ಎಂದ. "ಅವರಿಗೆ ಬರ್ಲಿಕ್ಕೆ ಆಗ್ಲಿಲ್ಲ."

"ಗುರ್ತದವರ ಮನೆ ಎಲ್ಲಿ?"

"ನಮ್ಮ ಮನೆ ಹತ್ತಿರವೇ ಅಂತ ಇಟ್ಟುಕೊಳ್ಳಿ."

ಇಟ್ಟುಕೊಂಡಳು. ಅವನು ಹೋದ ಮೇಲೆ ಗೋಣಿಯ ಬಾಯಿ ಬಿಚ್ಚಿ ನೋಡಿದರೆ ಬೆಳ್ಳನೆಯ ದೊಡ್ಡ ಹೆಣ್ಣು ಬೆಕ್ಕು, ಒಂದು ಕಣ್ಣು ನೀಲಿ, ಒಂದು ಹಳದಿ. ಇಷ್ಟು ವರ್ಷ ಕಟ್ಟಡದ ಹಿಂದೆ ಕೂಗಿದ ಮರಿಗಳೆಲ್ಲ ಯಾರ ಹೊಟ್ಟೆಯವು ಎಂದು ಆಕೆಗೆ ಆಗ ತಿಳಿಯಿತು.

ಮರುದಿನವೇ ಮುಂಡಪ್ಪನ ಹೆಂಡತಿ ಕಾಂತಿ ಸೇತುವೆ ದಾಟಿ ಬಂದಳು, ಅತ್ತು ಕಣ್ಣು ಊದಿತ್ತು. "ಬೊಳ್ಳಿ ಕಾಣುದಿಲ್ಲ ಮೈಮೂನಮ್ಮಾ. ಬಿಳಿ ಬೆಕ್ಕು. ನಿನ್ನೆಯಿಂದ ಒಲೆ ಹಚ್ಲಿಲ್ಲ ನಾನು. ಯಾರೋ ಗೋಣಿಗೆ ಹಾಕಿ ಒಯ್ದಿದ್ದಾರೆ, ನನಗೆ ಖಂಡಿತ. ಈ ಊರಿನ ಬೆಕ್ಕುಗಳ ಸುದ್ದಿ ನಿಮಗೆ ಗೊತ್ತಿಲ್ಲದ್ದು ಯಾವುದುಂಟು? ಯಾರಂತ ಒಂದು ಹೆಸರು ಹೇಳಿ. ನಿಮ್ಮ ಅಂಗಡಿ ಬಿಡಿಸ್ಲಿಕ್ಕೆ ಇವರು ಹೊರಟದ್ದು ನನಗೆ ಗೊತ್ತುಂಟು. ಅದನ್ನು ನಾನು ನಿಲ್ಲಿಸ್ತೇನೆ. ದೇವರಾಣೆ."

ನಾಲಗೆಯ ತುದಿಯಲ್ಲಿ ಕೂತಿತ್ತು ಆ ಹೆಸರು. ಒಂದು ಮಾತು ಉದುರಿಸಿದರೆ ಅಂಗಡಿ ಉಳಿಯುತ್ತದೆ, ಮುಂಡಪ್ಪನಿಗೂ ಸರಿಯಾಗುತ್ತದೆ. ಆದರೆ ಮೈಮೂನಮ್ಮ ಹೆಸರು ಹೇಳುತ್ತಾಳೆ ಎಂದು ಗೊತ್ತಾದರೆ ನಾಳೆಯಿಂದ ಒಬ್ಬನೂ ಗೋಣಿ ತರುವುದಿಲ್ಲ. ಮತ್ತೆ ಸೇತುವೆ, ಮತ್ತೆ ಮೀನಿನ ಅಂಗಡಿ, ಮತ್ತೆ ಚಕ್ರ.

"ಹೆಸರು ಗೊತ್ತಿಲ್ಲ ಕಾಂತಕ್ಕಾ" ಎಂದಳು. "ಸ್ವಲ್ಪ ದಿನ ತಡ್ಕೊಳ್ಳಿ. ಬರ್ತದೆ ಅಂತ ನನ್ನ ಮನಸ್ಸು ಹೇಳ್ತದೆ."

ಬೊಳ್ಳಿ ಬಂದಳು. ಬಂದ ದಿನ ಮಧ್ಯಾಹ್ನದೊಳಗೆ ಮುಂಡಪ್ಪ ಜಗಲಿಯ ಮೇಲಿದ್ದ, ಮುಖ ಬಿಳುಚಿಕೊಂಡಿತ್ತು. "ಮೋಸ ಮಾಡಿದಿರಿ!"

"ಗುರ್ತದವರಿಗೆ ಬೇಜಾರಾಯ್ತಾ?"

ಮುಂಡಪ್ಪ ಗೋಣಿಯ ಮೇಲೆ ಕುಸಿದು ಕೂತ. ಆ ದೊಡ್ಡ ದನಿ ಎಲ್ಲಿಗೆ ಹೋಯಿತೋ. "ಕಾಂತಿಗೆ ಹೇಳ್ಬೇಡಿ ಮೈಮೂನಮ್ಮಾ. ಅಂಗಡಿ ನಿಮಗೇ. ಬೇಕಾದಷ್ಟು ವರ್ಷ ಕೂತುಕೊಳ್ಳಿ."

"ಬೇಡ. ಬಾಯಿ ಮುಚ್ಲಿಕ್ಕೆ ನಿಮ್ಮಿಂದ ಅಂಗಡಿ ತಗೊಂಡ್ರೆ, ತೆರೀಲಿಕ್ಕೆ ಕಾಂತಕ್ಕ ಎಂಥ ಕೊಡ್ತಾರೆ ಅಂತ ನನ್ನ ಮನಸ್ಸು ಕೇಳ್ತದೆ. ನಾನು ಪುಕ್ಕಟೆಗೇ ಬಾಯಿ ಮುಚ್ಚಿಕೊಂಡಿರ್ತೇನೆ. ಮಳೆಗಾಲ ಮುಗಿಯುವಾಗ ಖಾಲಿ ಮಾಡಿಸುದಾದ್ರೆ ಮಾಡಿಸಿ." ಹೇಳುತ್ತಲೇ ಒಂದು ಗೋಣಿ ಎತ್ತಿ ಅವನ ಮುಖದೆದುರೇ ಕೊಡವಿದಳು. "ಒಂದು ಉಪಕಾರ ಮಾಡಿ. ಆ ಕಾಲೇಜು ಹುಡುಗಿಯ ಮಾರ್ಜಾಲ ಭಾಷೆ ಯಾರ ಕಿವಿಗೂ ಹೋಗುದಿಲ್ಲ. ಒಂದು ದಿನ ಮೈಕಿನಲ್ಲಿ ನೀವು ಮಾತಾಡಿ."

ಮೈಕ್ ಎಂದರೆ ಮುಂಡಪ್ಪನಿಗೆ ಹಸಿವು ನೀರಡಿಕೆ ಇಲ್ಲ. ಸೀನುತ್ತಲೇ ಒಪ್ಪಿದ.

ಆ ಭಾನುವಾರ ರಿಕ್ಷಾದಲ್ಲಿ ಮುಂದೆ ಶಾಫಿ, ಹಿಂದೆ ಅಕ್ಷಿತಾ, ಮೈಮೂನಮ್ಮ, ನಡುವೆ ಮೈಕ್ ಹಿಡಿದ ಮುಂಡಪ್ಪ. ಏನು ಗತ್ತು! "ಬನ್ನಿ ಬನ್ನಿ, ಹೊಳೆ ದಾಟಿಸುವ ವೀರರೇ! ನಿಮ್ಮ ಬೆಕ್ಕು ಸರ್ವಿಸ್ ಮಾಡಿದ ಚೆಂಡಿದ್ದ ಹಾಗೆ, ಆಚೆಯವರು ಮತ್ತೆ ಈಚೆಗೇ ಹೊಡೀತಾರೆ!" ಜನ ಅಂಗಡಿಗಳಿಂದ ಹೊರಬಂದು ಬಿದ್ದು ಬಿದ್ದು ನಕ್ಕರು, ಅಕ್ಷಿತಾಳಿಂದ ಆಪರೇಷನ್ನಿನ ವಿವರದ ಕಾಗದ ಕೇಳಿ ಪಡೆದರು. ಸೇತುವೆ ದಾಟಿ ಆಚೆ ದಡದ ಓಣಿಗಳನ್ನೆಲ್ಲ ಸುತ್ತಿ ರಿಕ್ಷಾ ಅವನ ಮನೆಯ ಮುಂದೆಯೇ ಬಂತು. ಗೇಟಿನಲ್ಲಿ ಕಾಂತಿ, ಗಂಡನ ಪ್ರತಾಪ ಕೇಳಲು ನಿಂತಿದ್ದಳು, ತೋಳಿನಲ್ಲಿ ಬೊಳ್ಳಿ.

ಮುಂಡಪ್ಪ ಹಲ್ಲು ಬಿಟ್ಟು ಕೈ ಬೀಸಿದ. ಬೊಳ್ಳಿ ಅವನನ್ನು ಕಂಡದ್ದೇ ತಡ, ತಿರುಗಿ ಕಾಂತಿಯ ಕುತ್ತಿಗೆಯ ಹತ್ತಿರ ಮುಖ ಹುದುಗಿಸಿ ನಡುಗತೊಡಗಿದಳು. ಮುಂಡಪ್ಪನ ಬಾಯಿ ಅರ್ಧದಲ್ಲೇ ನಿಂತಿತು. ಮೈಕಿನ ಹಾರ್ನಿನಲ್ಲಿ ಅವನ ಉಸಿರಾಟ ಮಾತ್ರ ಕೇಳುತ್ತಿತ್ತು.

"ಕಾಂತಿ" ಎಂದ, ಮೈಕಿನಲ್ಲೇ. "ಬೊಳ್ಳಿಯನ್ನು ಒಯ್ದದ್ದು ನಾನು."

ಅಕ್ಷಿತಾ ಸ್ವಿಚ್ಚಿಗೆ ತಡಕಾಡಿದಳು. ಮೈಮೂನಮ್ಮ ಅವಳ ಕೈ ಹಿಡಿದಳು.

"ಗೊತ್ತುಂಟು" ಎಂದಳು ಕಾಂತಿ. "ಬಂದಂದಿನಿಂದ ನಿಮ್ಮ ಹತ್ತಿರ ಸುಳೀಲಿಲ್ಲ ಇವಳು. ನಿಮ್ಮ ಮಡಿಲಲ್ಲೇ ಮಲಗ್ತಿದ್ದವಳು. ನೀವೇ ಹೇಳ್ತೀರಾ ಅಂತ ಕಾದೆ." ಅವಳು ರಿಕ್ಷಾದ ಹತ್ತಿರ ಬಂದಳು. "ಮರಿಗಳನ್ನೂ ನೀವೇನಾ? ಗಂಡು ಬೆಕ್ಕು ಕಚ್ಚಿಕೊಂಡು ಹೋಯ್ತು ಅಂತಿದ್ರಲ್ಲ."

"ಮರಿಗಳನ್ನೂ."

"ಎಲ್ಲಿ ಬಿಟ್ಟಿರಿ?"

"ನಮ್ಮ ಬಿಲ್ಡಿಂಗಿನ ಹಿಂದೆ."

ಕಾಂತಿ ಮೈಮೂನಮ್ಮನನ್ನು ನೋಡಿದಳು. "ಹಾಗಾದ್ರೆ ನಿಮ್ಮ ಜಗಲಿಯಲ್ಲಿರುವುದು ನಮ್ಮ ಬೊಳ್ಳಿಯ ಮಕ್ಕಳಾ?"

ಊರಿನವರ ಗುಟ್ಟುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದ ಮೈಮೂನಮ್ಮನಿಗೆ ಇನ್ನು ತಡೆಯಲಾಗಲಿಲ್ಲ, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಎಲ್ಲ ಉಳೀಲಿಲ್ಲ ಕಾಂತಕ್ಕಾ. ಕೆಲವು ಉಳಿದವು."

"ನಮ್ಮ ಮನೆಯ ಮಕ್ಕಳನ್ನು ಸಾಕಿದವಳನ್ನು ನೀವು ಹೊರಗೆ ಹಾಕ್ತೀರಾ?" ಕಾಂತಿ ಗಂಡನ ಕಡೆ ತಿರುಗಿದಳು.

ಮುಂಡಪ್ಪ ಮೈಕನ್ನು ಕೆಳಗಿಳಿಸಿ, ಯಾರಿಗೂ ಕೇಳದ ಹಾಗೆ, "ಇಲ್ಲ, ಅಂಗಡಿ ಅವರದ್ದೇ" ಎಂದ.

"ಮೈಕಿನಲ್ಲಿ ಹೇಳಿ" ಎಂದಳು ಕಾಂತಿ.

ಅವನು ಮೈಕಿನಲ್ಲಿ ಹೇಳಿದ. ಎರಡೂ ದಡದವರಿಗೆ ಕೇಳಿತು.