ಮೆಲ್ಲಣ್ಣನ ನಡಿಗೆ

ಮೆಲ್ಲಣ್ಣ ಮನೆಯಿಂದ ಹೊರಟನೆಂದರೆ ಇವತ್ತಿನ ಕೆಲಸಕ್ಕೆ ನಾಳೆ ಮುಟ್ಟುತ್ತಾನೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಎದುರುಮನೆಯ ದರ್ಜಿಯಂತೂ ಹೊಲಿಗೆ ಯಂತ್ರ ನಿಲ್ಲಿಸಿ, ‘ಅಣ್ಣಾ, ಹಿಂದೆ ಇರುವೆ ಬರ್ತಾ ಇದೆ, ಸ್ವಲ್ಪ ದಾರಿ ಬಿಡು’ ಎನ್ನುತ್ತಿದ್ದ. ಮೆಲ್ಲಣ್ಣ ನಗುತ್ತಿದ್ದನೇ ಹೊರತು ತಿರುಗಿ ನೋಡುತ್ತಿರಲಿಲ್ಲ. ಕೈಯಲ್ಲಿ ಉರಿಯುವ ಗ್ಯಾಸ್‌ಲೈಟು ಇರುವವನು ಹಾಗೆಲ್ಲ ಗಕ್ಕನೆ ತಿರುಗುವಂತಿಲ್ಲ.

ಆ ನಡಿಗೆ ಎಲ್ಲಿಂದ ಬಂತೆಂದು ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ಸೂಲಗಿತ್ತಿ, ಅವನು ಗ್ಯಾಸ್‌ಲೈಟು ರಿಪೇರಿಯವನು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಹೆರಿಗೆಗೆ ಕರೆ ಬಂತು. ಹೊಸ ಹೆಂಡತಿಯ ಮುಂದೆ ಬೆಳಕು ಹಿಡಿದು ಓಡುವುದೇ ದೊಡ್ಡಸ್ತಿಕೆ ಎಂದುಕೊಂಡು ಅವನು ಓಡಿದ. ಆ ಲೈಟಿನೊಳಗೆ ಕಟ್ಟುವ ಮ್ಯಾಂಟಲ್ ಎನ್ನುವುದು ಹಚ್ಚುವ ತನಕ ಮೆತ್ತನೆಯ ಬಟ್ಟೆಚೀಲ. ಒಮ್ಮೆ ಉರಿಯಿತೆಂದರೆ ಬರೀ ಬೂದಿಯ ಬಲೆ. ಕಣ್ಣು ಕುಕ್ಕುವಷ್ಟು ಬೆಳಗುವುದೂ ಆ ಬೂದಿಯೇ, ಕುಲುಕಿದರೆ ಉದುರುವುದೂ ಅದೇ. ಬಸುರಿಯ ಮನೆಯ ಹೊಸ್ತಿಲಲ್ಲಿ ಅವನು ಎಡವಿದ. ಮ್ಯಾಂಟಲ್ ಪುಡಿಯಾಗಿ ಗಾಜಿನ ತುಂಬ ಹಳದಿ ಉರಿ, ಮಸಿ. ಅವಳು ಸೀಮೆಎಣ್ಣೆ ಬುಡ್ಡಿಯ ಮಿಣುಕು ಬೆಳಕಿನಲ್ಲೇ ಕೂಸನ್ನು ಈಚೆಗೆ ತಂದಳು. ವಾಪಸು ಬರುವಾಗ ಬಯ್ಯಲಿಲ್ಲ.

‘ಬೇಗ ಬರೋ ಬೆಳಕು ಬೇಡ ರೀ, ಕೊನೇ ತನಕ ಇರೋ ಬೆಳಕು ಬೇಕು’ ಎಂದಳು, ಅಷ್ಟೇ.

ಅಂದಿನಿಂದ ಶುರುವಾಯಿತು ಆ ನಡಿಗೆ. ಮಧ್ಯಾಹ್ನವಾದರೆ ಸಾಕು, ಜಗಲಿಯಲ್ಲಿ ಲೈಟು ಬಿಚ್ಚಿಕೊಂಡು ಕೂರುತ್ತಿದ್ದ. ಸೀಮೆಎಣ್ಣೆಯನ್ನು ಬಟ್ಟೆಯಲ್ಲಿ ಸೋಸುವನು. ಪಂಪಿನ ಚರ್ಮದ ವಾಷರು ಒಣಗಿದ್ದರೆ ಎಣ್ಣೆ ಸವರಿ ಮೆದು ಮಾಡುವನು. ಬೆಳಕು ಬಿಕ್ಕಳಿಸಿದರೆ ಎಣ್ಣೆ ಬರುವ ಸಣ್ಣ ತೂತಿಗೆ ಪಿನ್ನು ಆಡಿಸಿ ಕಸ ತೆಗೆಯುವನು. ‘ಇದಕ್ಕೆ ಮಾಡೋ ಉಪಚಾರದಲ್ಲಿ ಕಾಲುಭಾಗ ನನಗೆ ಮಾಡಿದ್ದಿದ್ರೆ ಇನ್ನೂ ಹುಡುಗಿ ಹಾಗಿರ್ತಿದ್ದೆ’ ಎಂದು ಅವಳು ಗೊಣಗುತ್ತಿದ್ದಳು.

ತಲೆ ನರೆಯಿತು. ಆಮೇಲೆ ಅವನ ಕೈ ನಡುಗತೊಡಗಿತು. ಕಟ್ಟಿ ಉರಿಸಿದ ಮ್ಯಾಂಟಲ್ಲುಗಳು ಮನೆಯೊಳಗೇ ಉದುರತೊಡಗಿದವು.

‘ಈಗಿನ ಮ್ಯಾಂಟಲ್ಲಿಗೆ ತಾಕತ್ತೇ ಇಲ್ಲ ಕಣೇ.’

‘ಹೌದು ಬಿಡಿ. ಈಗಿನ ಲೋಟಕ್ಕೂ ಇಲ್ಲ. ಬೆಳಿಗ್ಗೆಯಿಂದ ಎರಡು ಸಲ ನಿಮ್ಮ ಕೈಯಿಂದ ಬಿತ್ತು.’

ಅವನು ತಲೆ ತಗ್ಗಿಸಿದ. ‘ಇನ್ಮೇಲೆ ದರ್ಜೀನ ಕರ್ಕೊಂಡು ಹೋಗು. ಅವನ ಕೈ ಗಟ್ಟಿ.’

‘ಅವನ ಬಾಯಿ ಇನ್ನೂ ಗಟ್ಟಿ. ಹೆರೋಳು ಎದ್ದು ಓಡಿಹೋಗ್ತಾಳೆ.’

ಹಾಸ್ಯ ಮಾಡಿದಳೇನೋ ಸರಿ, ಆದರೆ ಅದೇ ಯೋಚನೆ ಅವಳಿಗೆ ಹತ್ತಿತು. ಲೈಟು ಹಿಡಿಯುವುದು ತಪ್ಪಿದರೆ ಈ ಮನುಷ್ಯ ಮೂಲೆ ಹಿಡಿಯುತ್ತಾನೆ. ಹಿಡಿಸಿದರೆ ಹೆರಿಗೆ ಕೋಣೆ ಕತ್ತಲಾಗುತ್ತದೆ.

ಅದೇ ವಾರ ದರ್ಜಿಯ ಮಗಳಿಗೆ ಊರಾಚೆಯ ಗಂಡನ ಮನೆಯಲ್ಲಿ ಹೆರಿಗೆ ನೋವು ಶುರುವಾಯಿತು. ಮೆಲ್ಲಣ್ಣ ಎದ್ದು ನಿಂತು ಮತ್ತೆ ಕುಳಿತ. ಅವಳು ಲೈಟನ್ನು ಅವನ ಮುಂದಿಟ್ಟಳು.

‘ಹಸಿ ಮ್ಯಾಂಟಲ್ ಕಟ್ಟಿ, ಹಚ್ಚಬೇಡಿ. ದಾರಿಗೆ ಟಾರ್ಚ್ ಸಾಕು, ನಾನು ಹಿಡೀತೀನಿ. ಅಲ್ಲಿಗೆ ಹೋಗಿ ಕೆಳಗಿಟ್ಟೇ ಹಚ್ಚಿ. ಕೆಳಗಿಟ್ಟಿದ್ದು ನಡುಗಲ್ಲ.’

‘ಇಷ್ಟು ವರ್ಷ ನನಗೆ ಹೊಳೀಲಿಲ್ಲವಲ್ಲೇ.’

‘ನಿಮಗೆ ಹೊಳೆದಿದ್ರೆ ಬೆಳಕು ಹಿಡಿದು ನನ್ನ ಮುಂದೆ ಮುಂದೆ ನಡೆಯೋರು ಯಾರು?’

ಹೆರಿಗೆ ಕೋಣೆಯ ಕಿಟಕಿಕಟ್ಟೆಯ ಮೇಲೆ ಅವನು ಲೈಟು ಇಟ್ಟ. ಸ್ಪಿರಿಟ್ ಸುರಿದು ಕಾಯಿಸಿದ, ಗಾಳಿ ಹಾಕಿದ, ಮೆಲ್ಲಗೆ ಕೀಲಿ ತಿರುಗಿಸಿದ. ಸುಂಯ್ ಎಂದು ಬೆಳ್ಳಗೆ ಹತ್ತಿಕೊಂಡಿತು. ಆಮೇಲೆ ಹೊರಗಿನ ಜಗಲಿಯಲ್ಲಿ ಕಿಟಕಿಗೆ ಬೆನ್ನು ಕೊಟ್ಟು ಕುಳಿತು, ಸದ್ದು ಇಳಿದಾಗಲೆಲ್ಲ ಹಿಂದಕ್ಕೆ ಕೈಚಾಚಿ ಪಂಪು ಒತ್ತಿದ. ಮಗು ಅಳುವ ತನಕ ಬೆಳಕು ಒಂದೇ ಸಮ ಇತ್ತು. ಪಕ್ಕದಲ್ಲಿ ಕುಳಿತ ದರ್ಜಿ, ಅವನು ಕೈಚಾಚಿದಾಗಲೆಲ್ಲ ಸರಿದು ದಾರಿ ಬಿಟ್ಟ.

ಆಮೇಲೂ ಹಲವು ವರ್ಷ ಗಂಡಹೆಂಡಿರು ಹಾಗೇ ಹೋಗಿಬಂದರು. ಟಾರ್ಚು ಅವಳದು, ಲೈಟು ಅವನದು.

ಒಂದು ಬೆಳಿಗ್ಗೆ ಮೆಲ್ಲಣ್ಣ ಏಳಲೇ ಇಲ್ಲ. ಮಧ್ಯಾಹ್ನ ಅವನನ್ನು ಹೆಗಲಿಗೇರಿಸಿದ ಗಂಡಸರು ನಡುಮನೆಯಿಂದ ಸರಸರನೆ ಹೊರಟಾಗ, ಮುಂದಿನ ಹೆಗಲು ಕೊಟ್ಟಿದ್ದ ದರ್ಜಿ ತಡೆದ.

‘ಓಡಬೇಡ್ರೋ. ಅವನು ಯಾವತ್ತು ಓಡಿದ್ದ?’

ಅವಳಿಗೆ ಗೊತ್ತಿತ್ತು, ಒಂದು ಸಲ ಓಡಿದ್ದ. ಬಾಗಿಲ ಪಕ್ಕಕ್ಕೆ ಸರಿದು ನಿಂತು, ‘ಹೊಸ್ತಿಲು ಇದೆ, ನೋಡ್ಕೊಂಡು’ ಎಂದಳು.

ಅವರು ಕಾಲೆತ್ತಿ, ಎಲ್ಲೂ ಕುಲುಕದಂತೆ, ಮೆಲ್ಲಗೆ ಹೊಸ್ತಿಲು ದಾಟಿದರು.