ಇಲಿ ಕಡಿಯದ ಸೀರೆ

ಶಿವರಾತ್ರಿ ಮುಗಿದ ಮೇಲೆ ನಿಲಂಗಾದ ಸಂತೆಗೆ ಹೊಸ ಹುಣಸೆಹಣ್ಣು, ಒಣ ಮೆಣಸಿನಕಾಯಿ ಬರುತ್ತವೆ. ಆಗ ವಲಾಂಡಿಗೆ ಕೊಟ್ಟ ನನ್ನ ಅಕ್ಕ ತಪ್ಪದೆ ಬರುತ್ತಿದ್ದಳು. ನಾವಿಬ್ಬರೂ ಬೀದರ ಕಡೆಯಿಂದ ಮಹಾರಾಷ್ಟ್ರಕ್ಕೆ ಮದುವೆಯಾಗಿ ಬಂದವರು, ನಾನು ನಿಲಂಗಾಕ್ಕೆ. ವರ್ಷದ ಖಾರ, ಹುಳಿ ಕೂಡಿಯೇ ಕೊಳ್ಳುತ್ತಿದ್ದೆವು. ಅಕ್ಕ ಮೆಣಸಿನಕಾಯಿ ಮುರಿದು ಮೂಸಿ, "ಹ್ವಾದ ವರ್ಷದ ಮಾಲ ಅದ, ನಡಿ" ಎಂದು ಎದ್ದು ಹೋಗುವಳು. ನಾನು ಬಿಟ್ಟುಹೋಗಲು ಮನಸ್ಸಿಲ್ಲದವಳಂತೆ ಹಿಂದೆ ಉಳಿಯಬೇಕು. ಮಾರುವವನು ನನ್ನನ್ನು ಕರೆದು ದರ ಇಳಿಸುತ್ತಿದ್ದ. ಆಮೇಲೆ ಬೇವಿನ ನೆರಳಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಒಂದು ಗ್ಲಾಸ್ ಕಬ್ಬಿನ ರಸವನ್ನು ಎರಡು ಮಾಡಿ ಕುಡಿಯುತ್ತಿದ್ದೆವು. ಅಷ್ಟಕ್ಕೇ ನಮಗೆ ಹಬ್ಬ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಬರೆಯುವುದು ನನಗೆ ಸಲೀಸಲ್ಲ. ಆದರೂ ಇದನ್ನು ಬಾಯಿಂದ ಹೇಳಲಾರೆ.

ಅವ್ವ ತೀರಿಕೊಂಡ ಮೇಲೆ ಅವಳ ನಾಲ್ಕು ನೂಲಿನ ಸೀರೆಗಳು ಅಕ್ಕನ ಪಾಲಿಗೆ ಬಂದಿದ್ದವು. ನಮ್ಮ ಮನೆತನದಲ್ಲಿ ಎಳೆಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಹಿರಿಯಳೊಬ್ಬಳು ಉಟ್ಟು ಸವೆಸಿದ ಸೀರೆಯ ಕೌದಿ ಬೇಕು. ತನ್ನ ಮಗಳು ಬಸುರಾದಾಗ ಅಕ್ಕ ಆ ಸೀರೆಗಳನ್ನು ನನಗೆ ತಂದುಕೊಟ್ಟಳು. "ನಿನ್ನ ಹೊಲಿಗಿ ಟಾಕಿ ಸಣ್ಣದದ, ನೀನೇ ಹೊಲಿ. ಚಿಂದಿ ಸುದ್ದಾ ಚೆಲ್ಲಬ್ಯಾಡ" ಅಂದಳು.

ನಾಳೆ ನಾಳೆ ಎನ್ನುತ್ತ ನಾನು ಸೂಜಿ ಹಿಡಿಯಲಿಲ್ಲ. ಒಂದು ಮಧ್ಯಾಹ್ನ, ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳು ಓಣಿಗೆ ಬಂದಳು. ಅವಳ ಬುಟ್ಟಿಯಲ್ಲಿದ್ದ ಮುಚ್ಚಳದ ದೊಡ್ಡ ಡಬ್ಬಿಯ ಮೇಲೆ ನನಗೆ ಆಸೆಯಾಯಿತು. ನನ್ನ ಹಳೆ ಬಟ್ಟೆ ಸಾಲದು ಎಂದಳು. ಒಳಗೆ ಹೋಗಿ ಅವ್ವನ ಒಂದು ಸೀರೆ ತಂದೆ. ಇನ್ನೂ ಸಾಲದು ಎಂದಳು. ಬಿದ್ದು ಹಾಳಾಗುವುದಕ್ಕಿಂತ ಉಪಯೋಗಕ್ಕೆ ಬರಲಿ, ಇದೂ ಉಳಿತಾಯವೇ ಎಂದು ನನಗೆ ನಾನೇ ಹೇಳಿಕೊಂಡು ನಾಲ್ಕನ್ನೂ ಕೊಟ್ಟುಬಿಟ್ಟೆ.

ಸಂಜೆ ಹೆದರಿಕೆಯಾಯಿತು. ಅಕ್ಕನಿಗೆ ಫೋನ್ ಮಾಡಿ, ಸೀರೆಗಳನ್ನು ಇಲಿ ಕಡಿದು ಹಾಕಿದೆ ಅಂದೆ. ಅಳು ನಿಜವಾಗಿಯೇ ಬಂತು.

"ಅಳಬ್ಯಾಡ ಹುಚ್ಚಿ. ಇಲಿ ಮಾಡಿದ್ದಕ್ಕ ನೀ ಯಾಕ ಅಳ್ತಿ?" ಅಂದಳು ಅಕ್ಕ.

ಆ ಸಲದ ಸಂತೆಗೂ ಬಂದಳು. ಖಾರ ಕೊಂಡೆವು, ರಸ ಕುಡಿದೆವು. ನಾನು ನಗುನಗುತ್ತಲೇ ಇದ್ದೆ. ಹೊರಡುವಾಗ ಅಕ್ಕ ಹಳೆ ಬಟ್ಟೆ ಮಾರುವ ಸಾಲಿಗೆ ತಿರುಗಿದಳು. "ಅವ್ವಂದು ಹ್ವಾದವು. ಯಾವಾಕಿದರ ಆಗ್ಲಿ, ಮೆತ್ತನ ಸೀರಿ ಹುಡಕಮು" ಎಂದು ರಾಶಿಯ ಮುಂದೆ ಕೂತಳು. ನನ್ನ ಸುಳ್ಳೇ ಅವಳನ್ನು ಅಲ್ಲಿಗೆ ತಂದಿತ್ತು.

ಮೂರೋ ನಾಲ್ಕೋ ಸೀರೆ ಸರಿಸಿದ ಮೇಲೆ ಅವಳ ಕೈ ನಿಂತಿತು. ದೀಪದ ಕಿಡಿ ತಾಗಿ ತೂತಾದ ಕಡೆ ಅವ್ವ ಹಸಿರು ದಾರದಿಂದ ರಫು ಮಾಡಿದ್ದ ಸೆರಗು. ಅಕ್ಕ ಎದ್ದು ನಿಂತು, ಸೀರೆಯನ್ನು ಬಿಸಿಲಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಇಲಿ ಕಡಿದ ಒಂದು ತೂತೂ ಇರಲಿಲ್ಲ.

"ಘ್ಯಾ ಮಾವಶಿ, ಲಯಿ ಮಊ ಹಾಯ್" ಎಂದು ಮಾರುವವಳು ಮರಾಠಿಯಲ್ಲಿ ಅದರ ಮೆತ್ತನೆಯನ್ನು ಹೊಗಳಿದಳು.

ಅಕ್ಕ ನನ್ನ ಕಡೆ ತಿರುಗಿದಳು. "ಇಲಿ ಭಾಳ ಶಾಣ್ಯಾ ಇತ್ತು ನೋಡು. ಒಗದು, ಮಡಚಿ, ಬಜಾರಕ್ಕ ಹಚ್ಯಾದ."

ಅವಳು ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟಳು. ಜೀವಮಾನದಲ್ಲಿ ಅವಳು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಉಳಿದ ಮೂರು ಆ ರಾಶಿಯಲ್ಲಿ ಇರಲಿಲ್ಲ. "ಕೊಡಕ್ಕ, ರಾತ್ರಿ ಹಗಲಿ ಕುಂತು ಹೊಲಿತೀನಿ" ಅಂದೆ. ಅಕ್ಕ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನನ್ನ ಪಾಲಿನ ಹುಣಸೆಹಣ್ಣು ಅವಳ ಚೀಲದಲ್ಲೇ ಇತ್ತು. ಮರುದಿನ ಯಾರದೋ ಕೈಯಲ್ಲಿ ಕಳಿಸಿದಳು, ತುಸು ಹೆಚ್ಚೇ ಇತ್ತು.

ಕೂಸಿನ ತೊಟ್ಟಿಲ ಕಾರ್ಯಕ್ಕೆ ನನ್ನನ್ನೂ ಕರೆದರು. ಕೌದಿಯನ್ನು ಅವರ ಊರಿನ ಬೇರೆ ಹೆಂಗಸು ಹೊಲಿದಿದ್ದಳು. ನಡುವೆ ಅವ್ವನ ಸೀರೆ, ಸುತ್ತಲೂ ಯಾರ್ಯಾರದೋ ಬಟ್ಟೆ. ನಾನು ಕೌದಿ ಮುಟ್ಟಲು ಕೈಚಾಚಿದೆ. ಅಕ್ಕ ಕೂಸನ್ನೆತ್ತಿ ನನ್ನ ತೊಡೆಯ ಮೇಲೆ ಇಟ್ಟಳು. ಕೌದಿಯನ್ನು ಮಾತ್ರ ಮಡಚಿ ಒಳಗೆ ತೆಗೆದುಕೊಂಡು ಹೋದಳು.