ಕೇಳದೆ ಹೊರಿಸಿದ ಸ್ಟೆಪ್ನಿ

“ದೊಡ್ಡಪ್ಪ, ಕೆಳಗೆ ಇಳೀರಿ. ನೀವೇ ಒಂದು ಚೀಲ ಮೆಕ್ಕೆಜೋಳ ಆಗ್ತೀರಿ!”

ನನ್ನ ತಮ್ಮನ ಮಗಳು ಸಹನಾ ಹೀಗೆ ಗದರಿದಾಗ ನಾನು ಅವಳ ಹಳೇ ಕಾರಿನಲ್ಲಿ ಆಗಷ್ಟೇ ಕೂತಿದ್ದೆ. (ಕೂತಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ. ಡ್ರೈವರ್ ಸೀಟು ಬಿಟ್ಟರೆ ಉಳಿದದ್ದೆಲ್ಲ ಬರೀ ತಗಡು.)

ಸಹನಾ ಶಿರಾಳಕೊಪ್ಪದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ನೋಡಿಕೊಳ್ಳುತ್ತಾಳೆ. ರೇಸಿನ ಹುಚ್ಚು. ಸೊರಬದ ಹತ್ತಿರದ ಬಯಲಿನಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ಕಾರ್ ರೇಸ್ ಇಟ್ಟಿದ್ದರು. ತಾಳಗುಂದದಲ್ಲಿ ಕುರಿ ಸಾಕಿಕೊಂಡಿರುವ ನನ್ನ ತಮ್ಮ ಮಗಳಿಗೆ ಕಡ್ಡಿ ಮುರಿದಂತೆ ಹೇಳಿದ್ದ: “ಮೂರರೊಳಗೆ ಬಂದ್ರೆ ಸರಿ. ಇಲ್ಲಾಂದ್ರೆ ಕಾರು ಮಾರಿ ಸುಮ್ನಿರಬೇಕು.”

ಅವಳಿಗೆ ಇದ್ದದ್ದು ಒಂದೇ ದಾರಿ. ತೂಕ ಇಳಿಸುವುದು.

ಮೊಬೈಲಿನಲ್ಲಿ ನನಗೊಂದು ಅಮೆರಿಕದ ಕಾರು ತೋರಿಸಿದಳು. ಮಸಲ್ ಕಾರ್ ಅಂತೆ. ನೋಡಿದರೆ ಗರಡಿಮನೆಯ ಪೈಲ್ವಾನ. ಉಬ್ಬಿದ ಭುಜ, ಬಾನೆಟ್ಟಿನ ಕೆಳಗೆ ಗುಡುಗು. ಅಷ್ಟು ಶಕ್ತಿ ಇರುವವನಿಗೆ ತೂಕದ ಚಿಂತೆ ಯಾಕೆ? ಇದೆಯಂತೆ! ಟ್ರ್ಯಾಕಿಗೆಂದೇ ಮಾಡುವಾಗ ಹಿಂದಿನ ಸೀಟು ಕಿತ್ತು, ಸ್ಪೀಕರ್ ತೆಗೆದು, ಚಕ್ರಗಳನ್ನೂ ಹಗುರ ಮಾಡುತ್ತಾರಂತೆ.

“ನೆಟ್ಟಗೆ ಓಡಾಕೆ ಶಕ್ತಿ ಇದ್ರೆ ಸಾಕು ದೊಡ್ಡಪ್ಪ. ತಿರುವಿನಾಗೆ ತೂಕನೇ ವೈರಿ” ಅಂದಳು.

ಪೈಲ್ವಾನನೇ ಪಥ್ಯ ಮಾಡುವಾಗ ಇವಳ ಬಡಕಲು ಕಾರು ಬಿಟ್ಟೀತೇ? ಸೀಟು ಹೋಯಿತು, ಏಸಿ ಹೋಯಿತು, ಕೆಳಗೆ ಹಾಸಿದ ಮ್ಯಾಟ್ ಹೋಯಿತು. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಎತ್ತಿದಾಗ ಮಾತ್ರ ಅವಳ ತಾಯಿ ಕೂಗಿದಳು: “ಅವನೆಷ್ಟು ತೂಕ ಇದ್ದಾನೇ, ಬಾಯಿಬಡುಕಿ!” ರಾಜಿಯಾಗಿ ಗಣಪತಿಯ ಸ್ಟಿಕ್ಕರ್ ಬಂತು.

ಕೊನೆಗೆ ಡಿಕ್ಕಿಯಲ್ಲಿದ್ದ ಹೆಚ್ಚುವರಿ ಚಕ್ರ, ಅದೇ ಸ್ಟೆಪ್ನಿ, ಇಳಿಯಿತು. ನಾನು ಅಂಜಿದ್ದು ಆಗ.

ನಾನು ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ವರ್ಷಗಟ್ಟಲೆ ಬಾಡಿಗೆ ಜೀಪು ಓಡಿಸಿದವನು. ಓದಿದ್ದು ಎಸ್ಸೆಸ್ಸೆಲ್ಸಿ. ಉಳಿದದ್ದೆಲ್ಲ, ಪತ್ರಿಕೆಗೆ ವಾರವಾರ ಈ ಅಂಕಣ ಬರೆಯುವುದೂ ಸೇರಿ, ರಸ್ತೆ ಕಲಿಸಿದ್ದು. ಸ್ಟೆಪ್ನಿ ಇಲ್ಲದೆ ಗಾಡಿ ತೆಗೆಯುವುದೆಂದರೆ ಹಗ್ಗ ಕಟ್ಟದೆ ಬಾವಿಗೆ ಕೊಡ ಬಿಟ್ಟಂತೆ. ಹುಡುಗಿ ಬೇರೆ. ಒಬ್ಬಳೇ ಬೇರೆ.

ಇಷ್ಟಕ್ಕೂ ಅದು ಬೇಲಿ ಹಾಕಿದ ಬಯಲು. ಅಲ್ಲಿ ಟೈರು ಪಂಕ್ಚರಾದರೆ ರೇಸ್ ಮುಗಿಯಿತು. ನಡುವೆ ನಿಲ್ಲಿಸಿ ಯಾರು ಜಾಕ್ ಹಾಕುತ್ತಾರೆ? ಇಷ್ಟು ಸರಳ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ.

ರೇಸಿನ ಬೆಳಿಗ್ಗೆ ಕಾರಿನ ತಪಾಸಣೆ ಮುಗಿಯಿತು. ಸಹನಾ ಚಹಾ ಕುಡಿಯಲು ಹೋದಳು. ನಮ್ಮ ಸಾಮಾನಿನ ಗಾಡಿಯಲ್ಲಿ ಬಂದಿದ್ದ ಸ್ಟೆಪ್ನಿಯನ್ನು ನಾನು ಸದ್ದಿಲ್ಲದೆ ಅದರ ಜಾಗದಲ್ಲಿಟ್ಟು ಬೋಲ್ಟ್ ಬಿಗಿದೆ. ಮನಸ್ಸಿಗೆ ನೆಮ್ಮದಿಯಾಯಿತು. ಯಾರ ಮನಸ್ಸಿಗೆ? ನನ್ನದಕ್ಕೆ.

ಕೊನೆಯ ತಿರುವಿನವರೆಗೂ ಅವಳು ಮೂರನೆಯವಳಾಗಿಯೇ ಇದ್ದಳು. ಅಲ್ಲಿ ಕಾರಿನ ಹಿಂಭಾಗ ಕೆಸರಿಗೆ ಇಳಿಯುವ ಎಮ್ಮೆಯ ಹಾಗೆ ಹೊರಳಿತು. ಸಾವರಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಮುಂದೆ ಹೋಗಿದ್ದ. ನಾಲ್ಕನೇ ಸ್ಥಾನ.

ಫಲಿತಾಂಶ ಕೇಳಲು ಅವಳು ಆಚೆ ಹೋದಾಗ ಸ್ಟೆಪ್ನಿ ಇಳಿಸಿದೆ. ಮತ್ತೆ ಸಾಮಾನಿನ ಗಾಡಿಗೆ ಹಾಕಿದೆ.

“ತಪ್ಪು ನಂದೇ. ಬ್ರೇಕ್ ಹಿಡಿಯೋದು ತಡ ಆತು” ಅಂದಳು ಸಹನಾ. ಅಳಲಿಲ್ಲ. ಅತ್ತಿದ್ದರೆ ಅಲ್ಲೇ ಬಾಯಿಬಿಡುತ್ತಿದ್ದೆನೇನೋ.

ಸ್ಟೆಪ್ನಿಯಿಂದಲೇ ಸೋತಳೇ? ಖಚಿತವಾಗಿ ಹೇಳಲಾರೆ. ಆದರೆ ಮೂರನೆಯವನಿಗೂ ಇವಳಿಗೂ ನಡುವೆ ಇದ್ದದ್ದು ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ಅವಳು ಆ ಕಾರಿನಿಂದ ಒಂದೊಂದೇ ಸ್ಕ್ರೂ ತೆಗೆದದ್ದು ಅಷ್ಟು ಹೊತ್ತಿಗಾಗಿ ತಾನೆ?

ನಿಜವಾದ ತಪ್ಪು ಆಮೇಲಿನದು. ಮನೆಗೆ ಬಂದ ಮೇಲೆ ತಮ್ಮ ಕೇಳಿದ: “ಅಣ್ಣಾ, ಗಾಡಿ ವಿಷ್ಯ ಬಲ್ಲವ ನೀನು. ಖರೇ ಹೇಳು, ಇವಳ ಕೈಲಿ ಆಗ್ತದಾ?”

ನಾನು ನೆಲ ನೋಡುತ್ತಾ ಅಂದೆ: “ಕಷ್ಟ ಐತಿ ಬಿಡು.”

ಹಿರಿಯನ ಮರ್ಯಾದೆ ಉಳಿಯಿತು. ಸಹನಾ ಎದ್ದು ಒಳಗೆ ಹೋದಳು.

ನಾವು ಹಿರಿಯರು ಹೀಗೇ ಅಲ್ಲವೇ? ನಮ್ಮ ಅಂಜಿಕೆಯನ್ನು ಮಕ್ಕಳ ಡಿಕ್ಕಿಗೆ ತುಂಬುತ್ತೇವೆ. ಅದಕ್ಕೆ ಪ್ರೀತಿ ಅಂತ ಹೆಸರಿಡುತ್ತೇವೆ. ಅವರು ತಿರುವಿನಲ್ಲಿ ತಡವರಿಸಿದರೆ “ನಾನು ಮೊದಲೇ ಹೇಳಿರಲಿಲ್ವಾ?” ಅನ್ನುತ್ತೇವೆ.

ಬರುವ ಭಾನುವಾರ ಕಾರು ನೋಡಲು ಜನ ಬರುತ್ತಾರೆ. ಅದಕ್ಕೂ ಮೊದಲು ಈ ಬರಹ ಅಚ್ಚಾಗುತ್ತದೆ. ಪ್ರತಿವಾರ ನನ್ನ ಅಂಕಣವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳುವವಳು ಸಹನಾಳೇ. ಎದುರು ಕೂತು ಹೇಳುವ ಧೈರ್ಯ ನನಗೆ ಬರಲಿಲ್ಲ. ಅದಕ್ಕೇ ಅವಳ ಬಾಯಿಂದಲೇ ಹೇಳಿಸುತ್ತಿದ್ದೇನೆ.

ತಮ್ಮಾ, ಸ್ಟೆಪ್ನಿ ಇಟ್ಟವನು ನಾನು. ಕಾರು ಯಾಕೆ ಮಾರುತ್ತೀಯ?